ಕಸದಲ್ಲಿ ಸಿಕ್ಕ ಗೇಮ್‌ಬಾಯ್

ಪ್ರಶ್ನೆ: ಕಸದ ರಾಶಿಯಲ್ಲಿ ಯಾರೋ ಬಿಸಾಕಿದ್ದ 1989ರ ಮಾದರಿಯ ಗೇಮ್‌ಬಾಯ್ (ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್) ಸಿಕ್ಕಿತು, ಜೊತೆಗೊಂದು ಕಾರ್ಟ್ರಿಡ್ಜ್ (ಆಟ ಇರುವ, ಒಳಗೆ ತೂರಿಸುವ ಡಬ್ಬಿ). ಹೊಸ ಸೆಲ್ ಹಾಕಿದರೂ ಆನ್ ಆಗುತ್ತಿಲ್ಲ. ರಿಪೇರಿ ಆಗುತ್ತಾ?

ಉತ್ತರ: ದಯವಿಟ್ಟು ಮತ್ತೆ ಕಸಕ್ಕೆ ಹಾಕಬೇಡಿ! ಇಂಥದ್ದು ಸಿಕ್ಕಾಗ ನಾನು ಮೊದಲು ನೋಡುವುದು ಸೆಲ್ ಕೂರುವ ಜಾಗವನ್ನು. ಸ್ಪ್ರಿಂಗ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದೆ ಅಲ್ವಾ? ಅದು ಹಳೇ ಆಲ್ಕಲೈನ್ ಸೆಲ್ ಸೋರಿದ ಗುರುತು. ಗ್ಲೌಸ್ ಹಾಕಿಕೊಂಡು, ಹತ್ತಿ ಕಡ್ಡಿಗೆ ಸ್ವಲ್ಪ ವಿನೆಗರ್ ಹಚ್ಚಿ, ಲೋಹ ಹೊಳೆಯುವವರೆಗೆ ಒರೆಸಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಎಷ್ಟೋ ಸಲ ಇಷ್ಟಕ್ಕೇ ದೀಪ ಹತ್ತಿಕೊಳ್ಳುತ್ತದೆ.

ಕಾರ್ಟ್ರಿಡ್ಜ್ ಒಳಗೆ ಪುಟ್ಟ ಬಿಲ್ಲೆ ಬ್ಯಾಟರಿ ಇದ್ದರೆ ಸುಮ್ನೆ ಕೀಳಬೇಡಿ. ಯಾವುದೋ ಮಗು ಆಡಿ ಸೇವ್ ಮಾಡಿದ ಆಟ ಅದರಿಂದಲೇ ಉಳಿದಿರುತ್ತದೆ, ಕಿತ್ತರೆ ಹೋಯಿತು. ಕಾರ್ಟ್ರಿಡ್ಜ್ ತುದಿಯ ಲೋಹದ ಪಟ್ಟಿಗಳನ್ನೂ ಆಲ್ಕೋಹಾಲ್‌ನಲ್ಲೇ ಒರೆಸಿ. ಬಾಯಿಂದ ಊದಿದರೆ ಉಸಿರಿನ ತೇವಕ್ಕೆ ಅವು ಹಾಳಾಗುತ್ತವೆ.