ಅತಿವೇಗದ ಡ್ಯಾಶ್‌ಬೋರ್ಡಿನಲ್ಲಿ ಚಾಲಕರ ಹೆಸರಿಗಿಂತ ಮೊದಲು ರಸ್ತೆ ಕಾಣಬೇಕು

ಎಲ್ಲ ವಾಹನಗಳಿಗೂ ಗಂಟೆಗೆ 80 ಕಿ.ಮೀ. ಎಂಬ ಒಂದೇ ಮಿತಿ ಇಟ್ಟು, ಅದನ್ನು ದಾಟಿದ ಲೆಕ್ಕದ ಮೇಲೆ ಚಾಲಕರನ್ನು ಸಾಲಾಗಿ ನಿಲ್ಲಿಸಿ, ತಿಂಗಳ ಕೊನೆಗೆ ಸಂಬಳದಲ್ಲಿ ದಂಡ ಹಿಡಿಯಲು, ವಾಹನಗಳ ಜಿಪಿಎಸ್ ಮಾಹಿತಿಯನ್ನು ಕಚೇರಿಯ ಪರದೆಯಲ್ಲಿ ತೋರಿಸುವ ಯಾವ ಡ್ಯಾಶ್‌ಬೋರ್ಡ್ ಒಳ್ಳೆಯದು ಎಂದು ಕೇಳಿದ್ದೀರಿ. ಸರಕು ಸಾಗಣೆ ಸಂಸ್ಥೆಯೊಂದರಲ್ಲಿ ವಾಹನಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದಾಗ ನಾನು ಜಾರಿಗೆ ತಂದಿದ್ದು ಇದೇ ವ್ಯವಸ್ಥೆಯನ್ನು. ಆದ್ದರಿಂದ ಯಾವುದನ್ನು ಕೊಳ್ಳಬೇಕು ಎನ್ನುವುದಕ್ಕಿಂತ ಮೊದಲು, ಅದರಿಂದ ಏನಾಯಿತು ಎಂಬುದನ್ನು ಹೇಳಬೇಕಾಗಿದೆ.

ಆರಂಭದಲ್ಲಿ ಎಲ್ಲರಿಗೂ ಸಮಾಧಾನವಾಗಿತ್ತು. ಪರದೆಯ ಮೇಲಿನ ಕೆಂಪು ಸಾಲುಗಳು ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿದ್ದವು. ಪಟ್ಟಿಯ ಮೇಲ್ತುದಿಯಲ್ಲಿ, ಒಂದೂ ಉಲ್ಲಂಘನೆಯಿಲ್ಲದೆ, ಪೇಟೆಯೊಳಗೆ ವಿತರಣೆಯ ವ್ಯಾನ್ ಓಡಿಸುತ್ತಿದ್ದ ಯುವಕನಿದ್ದ. ತಳದಲ್ಲಿ, ಹೆದ್ದಾರಿಯಲ್ಲಿ ದೂರದ ಲೋಡು ಒಯ್ಯುತ್ತಿದ್ದ, ನಮ್ಮಲ್ಲೆಲ್ಲ ಹೆಚ್ಚು ಅನುಭವವುಳ್ಳ ಚಾಲಕರೊಬ್ಬರಿದ್ದರು. ದಂಡ ಬಿದ್ದದ್ದು ಅವರಿಗೆ. ಅವರು ಬಂದು ನನ್ನ ಮೇಜಿನ ಮೇಲೆ ಟ್ರಿಪ್ ಶೀಟ್ ಇಟ್ಟು, “ಸಾರ್, ಗೋದಾಮಿನಿಂದ ಗಾಡಿ ಬಿಟ್ಟ ಹೊತ್ತು ನೋಡಿ, ತಲುಪಬೇಕಾದ ಹೊತ್ತು ನೋಡಿ. ಎರಡನ್ನೂ ಬರೆದವರು ಆಫೀಸಿನವರೇ” ಎಂದರು. ಲೋಡಿಂಗ್ ತಡವಾಗಿ ಮುಗಿದಿತ್ತು. ತಲುಪುವ ವೇಳೆಯನ್ನು ಮಾತ್ರ ಯಾರೂ ತಿದ್ದಿರಲಿಲ್ಲ. ನಿಯಮ ಎಲ್ಲರಿಗೂ ಒಂದೇ ಎಂದು ಹೇಳಿ ನಾನು ದಂಡವನ್ನು ಉಳಿಸಿಕೊಂಡೆ. ಅವರು ಕೆಲಸ ಬಿಟ್ಟು ಹೋದರು.

ಕೆಲವು ತಿಂಗಳ ನಂತರ ಆ ವಿತರಣೆಯ ವ್ಯಾನ್ ಶಾಲೆಯೊಂದರ ಬಳಿಯ ತಿರುವಿನಲ್ಲಿ ಸೈಕಲ್ ಸವಾರರೊಬ್ಬರಿಗೆ ಡಿಕ್ಕಿ ಹೊಡೆಯಿತು. ಅವರು ಬದುಕುಳಿದರು, ಆದರೆ ಕಾಲು ಮೊದಲಿನಂತಾಗಲಿಲ್ಲ. ಆ ಕ್ಷಣದ ದಾಖಲೆಯನ್ನು ತೆರೆದಾಗ ವ್ಯಾನಿನ ವೇಗ 62 ಎಂದಿತ್ತು. ಆ ರಸ್ತೆಯ ವೇಗಮಿತಿ 30. ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಆ ಸಾಲು ಹಸಿರಾಗಿಯೇ ಇತ್ತು.

ತಪ್ಪು ಎಲ್ಲಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ 80ರ ಬದಲು 60 ಇಟ್ಟರೆ ಇದು ಸರಿಹೋಗುತ್ತದೆ ಎಂದು ನಿಮಗೂ ಅನ್ನಿಸಬಹುದು. ಸರಿಹೋಗುವುದಿಲ್ಲ. ಡಿಕ್ಕಿಯ ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರ ಹೆದ್ದಾರಿಯಲ್ಲಿ 84ರಲ್ಲಿ ಹೋದರೆ ಅದು ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, 30ರ ರಸ್ತೆಯಲ್ಲಿ 62ರಲ್ಲಿ ಹೋದರೆ ನಾಲ್ಕು ಪಟ್ಟಿಗೂ ಮೀರುತ್ತದೆ. ನಮ್ಮ ವ್ಯವಸ್ಥೆ ಮೊದಲನೆಯದನ್ನು ಶಿಕ್ಷಿಸಿ ಎರಡನೆಯದಕ್ಕೆ ಪೂರ್ಣ ಅಂಕ ಕೊಡುತ್ತಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ. ಹೆದ್ದಾರಿಯಲ್ಲಿ ಕಣ್ಗಾವಲಿದೆ ಎಂದು ತಿಳಿದ ಚಾಲಕರು ಅಲ್ಲಿ 79ಕ್ಕೆ ಹಿಡಿದುಕೊಂಡು, ಕಳೆದುಹೋದ ನಿಮಿಷಗಳನ್ನು ಯಾರೂ ನೋಡದ ಒಳರಸ್ತೆಗಳಲ್ಲಿ ಸರಿದೂಗಿಸತೊಡಗಿದ್ದರು. ಹಳೆಯ ದಾಖಲೆಗಳನ್ನೆಲ್ಲ ಪ್ರತಿ ರಸ್ತೆಯ ಮಿತಿಯೊಂದಿಗೆ ಹೋಲಿಸಿ ಮತ್ತೆ ಲೆಕ್ಕ ಹಾಕಿದಾಗ ಇದು ಕಂಡಿತು: ಕೆಂಪು ಸಾಲು ಇಳಿದದ್ದರ ಅರ್ಥ ವೇಗ ಇಳಿಯಿತು ಎಂದಲ್ಲ, ಸುರಕ್ಷಿತ ರಸ್ತೆಯಿಂದ ಅಪಾಯದ ರಸ್ತೆಗೆ ಸ್ಥಳ ಬದಲಿಸಿತು ಎಂದು. ಒಂದೇ ಮಿತಿಯುಳ್ಳ ಪಟ್ಟಿ ಅಪಾಯವನ್ನು ಅಳೆಯಲಿಲ್ಲ ಎನ್ನುವುದಕ್ಕಿಂತ, ಅದನ್ನು ಹೆಚ್ಚಿಸಿತು ಎನ್ನುವುದೇ ನಿಜ.

ಆದ್ದರಿಂದ, ಪ್ರತಿ ರಸ್ತೆಯ ಸ್ವಂತ ಮಿತಿಯೊಂದಿಗೆ ವೇಗವನ್ನು ಹೋಲಿಸಲಾರದ ಡ್ಯಾಶ್‌ಬೋರ್ಡನ್ನು, ಎಷ್ಟೇ ಅಂದವಾಗಿರಲಿ, ಕೊಳ್ಳಬೇಡಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಂಥ ನಕ್ಷೆಗಳಲ್ಲಿ ರಸ್ತೆಯ ಮಿತಿಯನ್ನು ದಾಖಲಿಸುವ ವ್ಯವಸ್ಥೆಯಿದೆ, ಆದರೆ ಎಲ್ಲ ರಸ್ತೆಗಳಿಗೂ ಅದು ತುಂಬಿರುವುದಿಲ್ಲ. ನಿಮ್ಮ ವಾಹನಗಳು ನಿತ್ಯ ಓಡಾಡುವ ಮಾರ್ಗಗಳ ಮಿತಿಯನ್ನು ನೀವೇ ಕುಳಿತು ತುಂಬಬೇಕಾಗುತ್ತದೆ. ಮೇಲ್ಸೇತುವೆಯ ಮೇಲಿದ್ದ ಲಾರಿಯನ್ನು ಕೆಳಗಿನ ಸರ್ವಿಸ್ ರಸ್ತೆಯಲ್ಲಿದೆ ಎಂದು ಯಂತ್ರ ತಿಳಿದರೆ ನಿರಪರಾಧಿಗೆ ಎಚ್ಚರಿಕೆ ಹೋಗುತ್ತದೆ, ಅಂಥ ಜಾಗಗಳನ್ನು ಮೊದಲೇ ಗುರುತಿಸಿಡಿ.

ಅತಿವೇಗ ಎಂದರೆ ಏನೆಂಬುದನ್ನೂ ನೀವೇ ನಿರ್ಧರಿಸಬೇಕು. ಒಂದು ಕ್ಷಣ ಮಿತಿ ದಾಟಿದ್ದನ್ನು ಎಣಿಸಬೇಡಿ. ಕೆಲವು ಸೆಕೆಂಡು ಸತತವಾಗಿ ಮೀರಿದ್ದರೆ ಒಂದು ಘಟನೆ ಎನ್ನಿ, ವೇಗ ಮಿತಿಗಿಂತ ಸ್ಪಷ್ಟವಾಗಿ ಕೆಳಗಿಳಿದ ಮೇಲಷ್ಟೇ ಅದನ್ನು ಮುಗಿಸಿ. ಇಲ್ಲವಾದರೆ 79 ಮತ್ತು 81ರ ನಡುವೆ ಏರಿಳಿಯುವ ಒಂದೇ ಓಟ ಹತ್ತಾರು ಅಪರಾಧಗಳಾಗಿ ಬೆಳೆಯುತ್ತದೆ. ವಾಹನದಲ್ಲಿರುವ ಜಿಪಿಎಸ್ ಸಾಧನ 30 ಸೆಕೆಂಡಿಗೊಮ್ಮೆ ಮಾತ್ರ ಮಾಹಿತಿ ಕಳುಹಿಸುತ್ತಿದ್ದರೆ, 80ರಲ್ಲಿರುವ ವಾಹನ ಎರಡು ದಾಖಲೆಗಳ ನಡುವೆ ಸುಮಾರು 670 ಮೀಟರ್ ದಾಟಿರುತ್ತದೆ. ಇಡೀ ಶಾಲಾವಲಯ ಆ ಅಂತರದಲ್ಲಿ ಮರೆಯಾಗಬಹುದು. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ವೇಗ ಇದ್ದಕ್ಕಿದ್ದಂತೆ ಜಿಗಿಯುತ್ತದೆ, ಆದ್ದರಿಂದ ಉಪಗ್ರಹಗಳ ಸಂಖ್ಯೆ ಕಡಿಮೆಯಿದ್ದ ದಾಖಲೆಗಳನ್ನು ಕೈಬಿಡಿ. ಘಟನೆಗಳನ್ನು ಓಡಿದ ಪ್ರತಿ 100 ಕಿ.ಮೀ.ಗೆ ಭಾಗಿಸಿಯೇ ತೋರಿಸಿ.

ಇನ್ನು ದಂಡದ ವಿಚಾರ. ಅದು ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ನಿಮ್ಮ ಪ್ರಶ್ನೆಯಲ್ಲಿ ನಾನು ಒಪ್ಪದ ಮುಖ್ಯ ಭಾಗವೂ ಅದೇ. ಅತಿವೇಗವನ್ನು ಚಾಲಕರ ಸ್ವಭಾವ ಎಂದು ನೀವು ತಿಳಿದಿದ್ದೀರಿ. ನಾನು ಕಂಡಂತೆ ಅದರ ಬಹುಪಾಲು ಹುಟ್ಟುವುದು ವೇಳಾಪಟ್ಟಿ ಹಾಕುವ ಮೇಜಿನಲ್ಲಿ. ಪ್ರತಿ ಘಟನೆಯ ಪಕ್ಕದಲ್ಲಿ ವಾಹನ ಹೊರಡಬೇಕಿದ್ದ ವೇಳೆ, ಹೊರಟ ವೇಳೆ, ತಲುಪಬೇಕಿದ್ದ ವೇಳೆ, ಈ ಮೂರನ್ನೂ ತೋರಿಸಿ. ಒಂದೇ ಮಾರ್ಗದಲ್ಲಿ ಬೇರೆ ಬೇರೆ ಚಾಲಕರು ಮಿತಿ ಮೀರುತ್ತಿದ್ದರೆ ತಿದ್ದಬೇಕಾದದ್ದು ಆ ಮಾರ್ಗದ ವೇಳೆಯನ್ನು. 40 ಕಿ.ಮೀ. ದೂರವನ್ನು 80ರ ಬದಲು 90ರಲ್ಲಿ ಕ್ರಮಿಸಿದರೆ ಉಳಿಯುವುದು 3 ನಿಮಿಷ 20 ಸೆಕೆಂಡು ಮಾತ್ರ. ಸರಾಸರಿ ವೇಗ ಶೇ. 1ರಷ್ಟು ಏರಿದರೆ ಪ್ರಾಣಾಂತಿಕ ಅಪಘಾತದ ಸಾಧ್ಯತೆ ಶೇ. 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೋಡಿಂಗ್ ಆ ಮೂರು ನಿಮಿಷ ಬೇಗ ಮುಗಿಯುವಂತೆ ಮಾಡುವುದು ಸಂಸ್ಥೆಯ ಕೆಲಸ. ಅದನ್ನು ಚಾಲಕರ ಪಾದಕ್ಕೆ ಹೊರಿಸುವುದು ಅನ್ಯಾಯ.

ವೇಳೆ ಸಾಕಷ್ಟಿದ್ದೂ ಒಬ್ಬರೇ ಮತ್ತೆ ಮತ್ತೆ ಮಿತಿ ಮೀರುತ್ತಿದ್ದರೆ, ಅದೇ ವಾರ ಅವರನ್ನು ಕೂರಿಸಿಕೊಂಡು, ನಕ್ಷೆಯನ್ನು ಅವರ ಮುಂದೆ ತೆರೆದು ಮಾತಾಡಿ. ತಿಂಗಳ ಕೊನೆಯ ಸಂಬಳದ ಚೀಟಿಯಲ್ಲಿ ಕಾಣುವ ಕಡಿತದಿಂದ ಯಾವ ರಸ್ತೆಯಲ್ಲಿ ಏನು ತಪ್ಪಾಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ.

ದಂಡದ ಸುತ್ತೋಲೆ ಇನ್ನೂ ಹೊರಟಿಲ್ಲವಾದರೆ ತಡೆಹಿಡಿಯಿರಿ. ಮೊದಲ ತಿಂಗಳ ವರದಿಯನ್ನು ಚಾಲಕರ ಹೆಸರಿಲ್ಲದೆ, ಮಾರ್ಗವಾರು ತೆಗೆದು, ವೇಳಾಪಟ್ಟಿ ಹಾಕುವವರಿಗೂ ಗೋದಾಮಿನ ಮೇಲ್ವಿಚಾರಕರಿಗೂ ಕೊಟ್ಟು, ಯಾವ ಮಾರ್ಗಕ್ಕೆ ಎಷ್ಟು ನಿಮಿಷ ಹೆಚ್ಚು ಬೇಕು ಎಂಬುದನ್ನು ಅವರಿಂದ ಬರೆಸಿಕೊಳ್ಳಿ.