ಒಂದೇ ಹಗಲಿನಲ್ಲಿ ಬೆಂಗಳೂರು

ದಾರಿ ಕೇಳಿದವರಿಗೆ: ಕಲಬುರಗಿಯ ನಿವೃತ್ತ ಭೂಗೋಳ ಶಿಕ್ಷಕಿಯ ಪ್ರಶ್ನೋತ್ತರ ಅಂಕಣ

ಪ್ರಶ್ನೆ: ಅಕ್ಕಾವರೇ, ಮೇ ಎರಡನೇ ವಾರದಲ್ಲಿ ಬೆಂಗಳೂರಿನಲ್ಲಿ ನನ್ನ ತಂಗಿಯ ಮನೆಯ ಗೃಹಪ್ರವೇಶವಿದೆ. ಸ್ವಂತ ಕಾರಿನಲ್ಲಿ ಹೋಗುವ ಆಸೆ. ನಾನು, ಯಜಮಾನರು, ಇಬ್ಬರು ಮಕ್ಕಳು, ಜೊತೆಗೆ 72 ವರ್ಷದ ಅತ್ತೆ. ಅವರಿಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು, ಇನ್ಸುಲಿನ್ ಬೇರೆ. ನನಗೂ ಯಜಮಾನರಿಗೂ ಕಾರು ಓಡಿಸಲು ಬರುತ್ತದೆ, ಆದರೆ ಇಷ್ಟು ದೂರ ಓಡಿಸಿಲ್ಲ. ರಾತ್ರಿ ಹತ್ತಕ್ಕೆ ಹೊರಟರೆ ತಂಪು, ರಸ್ತೆಯೂ ಖಾಲಿ ಎಂದು ಅವರ ವಾದ. ಮೊಬೈಲ್ ಬಳ್ಳಾರಿ ದಾರಿ ತೋರಿಸಿ ಹತ್ತೂವರೆ ಗಂಟೆ ಎನ್ನುತ್ತಿದೆ. ಒಂದೇ ದಿನದಲ್ಲಿ ಆಗುತ್ತದೆಯೇ?
(ಓದುಗರು, ಬ್ರಹ್ಮಪುರ, ಕಲಬುರಗಿ)

ಆಗುತ್ತದೆ, ತಂಗಿ. ಮಗಳ ಮನೆಗೆಂದು ನಾನು ವರ್ಷಕ್ಕೆ ಎರಡು ಸಲವಾದರೂ ಹೀಗೇ ಹೋಗಿಬರುತ್ತೇನೆ. ಸ್ಟೀರಿಂಗ್ ಹಿಡಿದದ್ದೇ ನಲವತ್ತೆಂಟನೇ ವಯಸ್ಸಿನಲ್ಲಿ. ಹಾಗಾಗಿ ನನ್ನ ಹತ್ತಿರ ಧೈರ್ಯದ ಮಾತುಗಳು ಕಡಿಮೆ, ಲೆಕ್ಕದ ಪುಸ್ತಕ ಮಾತ್ರ ಒಂದಿದೆ. ಯಾವ ಊರನ್ನು ಎಷ್ಟು ಗಂಟೆಗೆ ದಾಟಿದೆ, ಎಲ್ಲಿ ಶೌಚಾಲಯ ಸ್ವಚ್ಛವಾಗಿತ್ತು, ಎಲ್ಲಿ ಚಹಾ ಕುಡಿದು ಪಶ್ಚಾತ್ತಾಪಪಟ್ಟೆ, ಎಲ್ಲವೂ ಅದರಲ್ಲಿದೆ.

ಮೊಬೈಲಿನ ಹತ್ತೂವರೆ ಗಂಟೆ ಮನುಷ್ಯರಿಲ್ಲದ ಕಾರಿನ ಲೆಕ್ಕ. ಅದಕ್ಕೆ ನಿಮ್ಮ ಅತ್ತೆಯ ಮೊಣಕಾಲೂ ಗೊತ್ತಿಲ್ಲ, ಜೇವರ್ಗಿ ದಾಟುವ ಮೊದಲೇ 'ಹಸಿವು' ಎನ್ನುವ ಮಕ್ಕಳೂ ಗೊತ್ತಿಲ್ಲ. ನನ್ನ ಲೆಕ್ಕ ಹೀಗಿದೆ: ದ್ವಿಪಥ ರಸ್ತೆಯಲ್ಲಿ ಗಂಟೆಗೆ ಸರಾಸರಿ 50 ಕಿ.ಮೀ., ಚತುಷ್ಪಥದಲ್ಲಿ 75. ಅದಕ್ಕಿಂತ ಹೆಚ್ಚು ಹಿಡಿಯಬೇಡಿ. ಅದರ ಮೇಲೆ ನಿಲುಗಡೆಗೆಂದು ಎರಡೂವರೆ ಗಂಟೆ ಸೇರಿಸಿ.

ಇನ್ನು ದಾರಿ. ಜೇವರ್ಗಿ, ಶಹಾಪುರ, ಸುರಪುರ, ಲಿಂಗಸುಗೂರಿನ ತನಕ ಚರ್ಚೆಯೇ ಇಲ್ಲ. ಅಲ್ಲಿಂದ ಮೊಬೈಲ್ ಹೇಳುವಂತೆ ಮಸ್ಕಿ, ಸಿಂಧನೂರು, ಸಿರುಗುಪ್ಪ, ಬಳ್ಳಾರಿ, ಚಳ್ಳಕೆರೆ ಹಿಡಿದು ಹಿರಿಯೂರಿನಲ್ಲಿ ಹೆದ್ದಾರಿ 48ನ್ನು ಸೇರಬಹುದು. ಒಟ್ಟು ಸುಮಾರು 600 ಕಿ.ಮೀ. ಅಥವಾ ಲಿಂಗಸುಗೂರಿನಿಂದ ಮುದಗಲ್ ಮೂಲಕ ಕುಷ್ಟಗಿಗೆ ಹೋಗಿ ಹೆದ್ದಾರಿ 50ನ್ನು ಹಿಡಿದು ಹೊಸಪೇಟೆ, ಕೂಡ್ಲಿಗಿ, ಚಿತ್ರದುರ್ಗದ ಮೇಲೆ ಹೋಗಬಹುದು. ಇದು ಇಪ್ಪತ್ತೈದು ಮೂವತ್ತು ಕಿ.ಮೀ. ಜಾಸ್ತಿ. ನಾನು ಹೋಗುವುದು ಇದರಲ್ಲೇ. ಕುಷ್ಟಗಿಗೆ ಬಂದರೆ ನಡುವೆ ವಿಭಜಕವಿರುವ ಚತುಷ್ಪಥ ಸಿಗುತ್ತದೆ, ಅದು ಬೆಂಗಳೂರಿನವರೆಗೂ ಕೈಬಿಡುವುದಿಲ್ಲ. ಎದುರಿನ ಲಾರಿಯನ್ನು ನೋಡುತ್ತ ಓವರ್‌ಟೇಕ್ ಮಾಡಲೇ, ಬಿಡಲೇ ಎಂದು ತೂಗುವುದಿದೆಯಲ್ಲ, ಮನುಷ್ಯನನ್ನು ದಣಿಸುವುದು ಅದು. ಮಸ್ಕಿಯ ಅಶೋಕನ ಶಾಸನ ನೋಡಬೇಕೆಂಬ ಆಸೆಯಿದ್ದರೆ ಇನ್ನೊಂದು ಸಲ ಬನ್ನಿ. ಅಶೋಕನ ಹೆಸರೇ ಇರುವ ಶಾಸನವದು, 1915ರಲ್ಲಿ ಸಿಕ್ಕಿದ್ದು. ಗೃಹಪ್ರವೇಶದ ಅವಸರದಲ್ಲಿ ನೋಡುವಂಥದ್ದಲ್ಲ.

ಈಗ ಯಜಮಾನರ ರಾತ್ರಿ ಪ್ರಯಾಣಕ್ಕೆ ಬರೋಣ. ರಾತ್ರಿ ಹತ್ತಕ್ಕೆ ಹೊರಟರೆ ನಮ್ಮ ದಾರಿಯ ಅತಿ ಕಷ್ಟದ ತುಂಡು, ಅಂದರೆ ಕುಷ್ಟಗಿವರೆಗಿನ ಸುಮಾರು 220 ಕಿ.ಮೀ. ದ್ವಿಪಥ, ಪೂರ್ತಿ ಕತ್ತಲಲ್ಲೇ ಬರುತ್ತದೆ. ಎದುರಿನವರು ಡಿಪ್ಪರ್ ಕೊಡುವುದಿಲ್ಲ. ಹಿಂದೆ ಕೆಂಪು ದೀಪವೇ ಇಲ್ಲದ ಟ್ರಾಲಿ ಹತ್ತು ಮಾರು ದೂರವಿರುವಾಗ ಕಾಣಿಸುತ್ತದೆ. ಕುರಿ ಹಿಂಡು ರಸ್ತೆಬದಿಯಲ್ಲೇ ಬೀಡುಬಿಟ್ಟಿರುತ್ತದೆ. ಅದನ್ನೆಲ್ಲ ದಾಟಿ ಚತುಷ್ಪಥಕ್ಕೆ ಬಂದು ನೆಮ್ಮದಿಯಾಗುವ ಹೊತ್ತಿಗೆ ರಾತ್ರಿ ಮೂರು ಗಂಟೆ. ಎರಡರಿಂದ ಐದರವರೆಗೆ ದೇಹ ತಾನಾಗಿಯೇ ನಿದ್ದೆಗೆ ಜಾರುವ ಹೊತ್ತು. ನೆಟ್ಟಗಿನ ರಸ್ತೆ, ಏಸಿಯ ತಂಪು, ಹಿಂದೆ ಎಲ್ಲರೂ ಮಲಗಿದ್ದಾರೆ. ಯಜಮಾನರು ಎಷ್ಟೇ ಗಟ್ಟಿಗರಾಗಿರಲಿ, ರೆಪ್ಪೆ ಮುಚ್ಚಿದ್ದು ಅವರಿಗೇ ತಿಳಿಯುವುದಿಲ್ಲ.

ಬೆಳಿಗ್ಗೆ ನಾಲ್ಕೂವರೆಗೆ ಹೊರಡಿ. ಕಟ್ಟಿಸಂಗಾವಿಯಲ್ಲಿ ಭೀಮೆಯನ್ನು ಕತ್ತಲಲ್ಲೇ ದಾಟುತ್ತೀರಿ, ಜೇವರ್ಗಿ ಬಿಟ್ಟು ಸ್ವಲ್ಪ ಹೊತ್ತಿಗೆ ಬೆಳಕು. ಶಹಾಪುರದ ಹತ್ತಿರ ಬುದ್ಧ ಮಲಗಿದಂತೆ ಕಾಣುವ ಬೆಟ್ಟವನ್ನು ಎಳೆಬಿಸಿಲಲ್ಲಿ ಮಕ್ಕಳಿಗೆ ತೋರಿಸಬಹುದು. ಕಷ್ಟದ ರಸ್ತೆ ಕಣ್ಣು ಚುರುಕಾಗಿರುವಾಗ ಮುಗಿಯುತ್ತದೆ, ಸಲೀಸಾದದ್ದು ಊಟದ ನಂತರ ಬರುತ್ತದೆ. ಕುಷ್ಟಗಿ ಹತ್ತರೊಳಗೆ, ಹೊಸಪೇಟೆ ಹನ್ನೊಂದಕ್ಕೆ, ಚಿತ್ರದುರ್ಗ ಎರಡರೊಳಗೆ, ಬೆಂಗಳೂರಿನ ಬಾಗಿಲು ಐದರೊಳಗೆ. ಮುಖ್ಯವಾದ ಮಾತು: ಹಿಂದಿನ ರಾತ್ರಿ ಓಡಿಸುವವರು ಒಂಬತ್ತಕ್ಕೆ ಮಲಗಬೇಕು. ಬ್ಯಾಗು ಕಟ್ಟುವುದು, ಗ್ಯಾಸ್ ಬಂದ್ ಮಾಡುವುದು, ತುಳಸಿಗೆ ನೀರು ಹಾಕಲು ನೆರೆಮನೆಯವರಿಗೆ ಹೇಳುವುದು, ಇವೆಲ್ಲ ಅದಕ್ಕೂ ಹಿಂದಿನ ದಿನ ಮುಗಿಯಲಿ. ನೀವೂ ಓಡಿಸುವವರು ಎಂಬುದನ್ನು ಮನೆಯವರಿಗೆ ನೆನಪಿಸಿ. ರೊಟ್ಟಿ ಬಡಿಯುತ್ತ ಹನ್ನೆರಡರವರೆಗೆ ಎದ್ದಿದ್ದವಳ ಕೈಗೆ ಸ್ಟೀರಿಂಗ್ ಕೊಡುವುದು ನ್ಯಾಯವಲ್ಲ. ಕಡಕ್ ರೊಟ್ಟಿ ಮೂರು ದಿನ ಮೊದಲೇ ಮಾಡಿಟ್ಟರೂ ಕೆಡುವುದಿಲ್ಲ, ಶೇಂಗಾ ಹಿಂಡಿಯೂ ಅಷ್ಟೇ.

ಭೂಗೋಳದವಳಾದ್ದರಿಂದ ಸೂರ್ಯನ ಮಾತನ್ನು ಬಿಡಲಾರೆ. ನಮ್ಮ ದಾರಿ ಮೊದಲು ನೈರುತ್ಯಕ್ಕೆ, ಆಮೇಲೆ ದಕ್ಷಿಣಕ್ಕೆ ಸಾಗುತ್ತದೆ. ಬೆಳಿಗ್ಗೆ ಬಿಸಿಲು ಎಡಗಿಟಕಿಗೆ, ಮಧ್ಯಾಹ್ನದ ನಂತರ ಬಲಕ್ಕೆ. ಆದ್ದರಿಂದ ಅತ್ತೆಯವರನ್ನು ಬೆಳಿಗ್ಗೆ ಹಿಂದಿನ ಬಲಬದಿಗೆ ಕೂರಿಸಿ, ಹೊಸಪೇಟೆಯ ಊಟದ ನಂತರ ಎಡಕ್ಕೆ ಬದಲಾಯಿಸಿ. ಮೇ ಎರಡನೇ ವಾರವೆಂದರೆ ಸೂರ್ಯ ಸರಿಸುಮಾರು ನಮ್ಮ ನೆತ್ತಿಯ ಮೇಲೆಯೇ ಬರುವ ಕಾಲ. ಹನ್ನೆರಡರ ಹೊತ್ತಿಗೆ ಯಾವ ಬದಿಗೂ ನೆರಳಿಲ್ಲ, ಆಗ ಊಟಕ್ಕೆ ಒಳಗಿರುವುದೇ ಜಾಣತನ. ಚಿತ್ರದುರ್ಗ ದಾಟಿದ ಮೇಲೆ ರಸ್ತೆ ಆಗ್ನೇಯಕ್ಕೆ ತಿರುಗುವುದರಿಂದ ಇಳಿಬಿಸಿಲು ಬೆನ್ನಿಗೆ ಬೀಳುತ್ತದೆ, ಓಡಿಸುವವರ ಕಣ್ಣಿಗಲ್ಲ.

ಇನ್ಸುಲಿನ್‌ ಅನ್ನು ಡ್ಯಾಶ್‌ಬೋರ್ಡಿನಲ್ಲಾಗಲಿ ಡಿಕ್ಕಿಯಲ್ಲಾಗಲಿ ಇಡಬೇಡಿ. ನಿಲ್ಲಿಸಿದ ಕಾರು ಅರ್ಧ ಗಂಟೆಯಲ್ಲಿ ಒಲೆಯಾಗುತ್ತದೆ. ಅಗಲ ಬಾಯಿಯ ಫ್ಲಾಸ್ಕಿನಲ್ಲಿ, ಬಟ್ಟೆ ಸುತ್ತಿ, ಮಂಜುಗಡ್ಡೆ ನೇರವಾಗಿ ತಾಕದಂತೆ ಇಟ್ಟು, ನಿಂತಾಗಲೆಲ್ಲ ಕೈಯಲ್ಲೇ ಒಯ್ಯಿರಿ. ಅದು ಹೆಪ್ಪುಗಟ್ಟಿದರೂ ಕೆಟ್ಟಂತೆಯೇ. ಅತ್ತೆಯವರ ಊಟದ ಹೊತ್ತು ಹೋಟೆಲಿನ ದಯೆಗೆ ಬಿದ್ದಿರಬಾರದು, ಅದಕ್ಕೇ ರೊಟ್ಟಿ ಬುತ್ತಿ. ಒಂದೂವರೆ ಗಂಟೆಗೊಮ್ಮೆ ಕಾರು ನಿಲ್ಲಿಸಿ ಐದು ನಿಮಿಷ ಅವರನ್ನು ನಡೆಸಿ, ಇಲ್ಲದಿದ್ದರೆ ಸಂಜೆಗೆ ಪಾದ ಊದಿಕೊಂಡಿರುತ್ತದೆ. ಶೌಚಕ್ಕೆ ಹೋಗಬೇಕಾಗುತ್ತದೆಂದು ಹೆಂಗಸರು ನೀರೇ ಕುಡಿಯದೆ ಕೂರುವುದನ್ನು ನಾನು ಕಂಡಿದ್ದೇನೆ, ನಾನೂ ಹಾಗೆ ಮಾಡಿ ಜ್ವರ ಬರಿಸಿಕೊಂಡಿದ್ದೇನೆ. ಪೆಟ್ರೋಲ್ ಬಂಕಿನಲ್ಲಿ ಶೌಚಾಲಯ, ಕುಡಿಯುವ ನೀರು, ಟೈರಿಗೆ ಗಾಳಿ ಇವು ಉಚಿತವಾಗಿ ಇರಲೇಬೇಕು. ಪೆಟ್ರೋಲ್ ಹಾಕಿಸದಿದ್ದರೂ ಕೇಳುವ ಹಕ್ಕಿದೆ. 'ಬೀಗದ ಕೈ ಇಲ್ಲ' ಎಂದರೆ ಕೈ ಸಿಗುವವರೆಗೆ ನಾನು ಅಲ್ಲೇ ನಿಲ್ಲುತ್ತೇನೆ. ಮೇಷ್ಟರ ದನಿ ಇನ್ನೂ ಉಪಯೋಗಕ್ಕೆ ಬರುತ್ತದೆ.

ಕಾರಿನ ವಿಷಯಕ್ಕೆ ನನ್ನದೇ ಒಂದು ಕತೆ. ಒಂದು ಬೇಸಿಗೆಯಲ್ಲಿ ತಿಂಥಣಿ ಸೇತುವೆ ದಾಟಿ ಎರಡು ಕಿ.ಮೀ. ಹೋಗಿರಲಿಲ್ಲ, ಹಿಂದಿನ ಟೈರು ಕೂತಿತು. ಹೊರಡುವ ಮುನ್ನ ಗ್ಯಾರೇಜಿನವನು 'ಎಲ್ಲಾ ನೋಡಿದ್ದೇನೆ' ಎಂದಿದ್ದ. ಸ್ಟೆಪ್ನಿ ತೆಗೆದರೆ ಅದರಲ್ಲೂ ಗಾಳಿಯಿಲ್ಲ. ಜೊತೆಗಿದ್ದ ಪಾನಾ ನಮ್ಮ ನಟ್ಟಿಗೆ ಕೂರುತ್ತಲೇ ಇಲ್ಲ, ಹಳೆಯ ಕಾರಿನದು. ಹತ್ತಿ ಕಾಳಿನ ಲಾರಿಯೊಂದರ ಕ್ಲೀನರ್ ಹುಡುಗ ಇಳಿದು, ಟೈರನ್ನು ಲಾರಿಯ ಮೇಲೆ ಹಾಕಿಕೊಂಡು ಹೋಗಿ ಪಂಕ್ಚರ್ ತಿದ್ದಿಸಿ ಇನ್ನೊಂದು ಲಾರಿಯಲ್ಲಿ ತಂದುಕೊಟ್ಟ. ಎರಡೂವರೆ ಗಂಟೆ ಬೇವಿನ ಮರದ ಕೆಳಗೆ ಕೂತಿದ್ದೆ. ಅವನು ದುಡ್ಡು ಮುಟ್ಟಲಿಲ್ಲ, ನನ್ನ ಬುತ್ತಿಯ ಎಣ್ಣೆಗಾಯಿ ಮಾತ್ರ ಪೂರ್ತಿ ಖಾಲಿ ಮಾಡಿದ. ಅಂದಿನಿಂದ ಹೊರಡುವ ವಾರ ಮನೆಯಂಗಳದಲ್ಲೇ ಒಂದು ಚಕ್ರ ಬಿಚ್ಚಿ ಹಾಕಿ ನೋಡುತ್ತೇನೆ. ನೀವೂ ಇಬ್ಬರೂ ಮಾಡಿ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಅಷ್ಟು ಹಳೆಯದಾದರೆ ಮೇ ಬಿಸಿಲಿಗೆ ನಂಬಬೇಡಿ. ಗಾಳಿಯನ್ನು ಟೈರು ತಣ್ಣಗಿರುವಾಗಲೇ, ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಪೂರ್ತಿ ಭಾರಕ್ಕೆಂದು ಕೊಟ್ಟಿರುವ ಅಳತೆಗೆ ಹಾಕಿಸಿ. ಐದು ಜನ ಮತ್ತು ಗೃಹಪ್ರವೇಶದ ಉಡುಗೊರೆ ಸೇರಿದರೆ ಅದು ಪೂರ್ತಿ ಭಾರವೇ.

ಫಾಸ್ಟ್ಯಾಗ್‌ನಲ್ಲಿ ದುಡ್ಡಿರಲಿ. ಹೆದ್ದಾರಿಯಲ್ಲಿ ಕೆಟ್ಟು ನಿಂತರೆ 1033, ಅಪಘಾತವಾದರೆ 112. ಹಿಂದೆ ಕೂತವರಿಗೂ ಸೀಟ್ ಬೆಲ್ಟ್.

ತಂಗಿಯ ಮನೆ ಬೆಂಗಳೂರಿನ ಯಾವ ದಿಕ್ಕಿಗೆ ಎಂದು ನೀವು ಬರೆದಿಲ್ಲ. ಯಲಹಂಕ, ದೇವನಹಳ್ಳಿ ಕಡೆಯಾದರೆ ದಾಬಸ್‌ಪೇಟೆಯಲ್ಲೇ ಎಡಕ್ಕೆ ಹೊರಳಿ ದೊಡ್ಡಬಳ್ಳಾಪುರದ ಮೇಲೆ ಹೋಗಿ, ನೆಲಮಂಗಲದ ಸಂಜೆಯ ದಟ್ಟಣೆ ತಪ್ಪುತ್ತದೆ. ಉಳಿದವರೆಲ್ಲ ಅದನ್ನು ಅನುಭವಿಸಲೇಬೇಕು. ಮಧ್ಯಾಹ್ನ ಮೂರೂವರೆಯಾದರೂ ಚಿತ್ರದುರ್ಗ ಬಂದಿಲ್ಲವೆಂದರೆ ಅಲ್ಲೇ ಉಳಿಯಿರಿ. ಆ ತೀರ್ಮಾನವನ್ನು ಕಲಬುರಗಿಯಲ್ಲೇ, ಹೊರಡುವ ಮುಂಚೆ, ಯಜಮಾನರ ಬಾಯಿಂದ ಹೇಳಿಸಿಬಿಡಿ. ದಾರಿಯಲ್ಲಿ ಆ ಮಾತೆತ್ತಿದರೆ ಜಗಳ ಖಚಿತ.

ಮರಳಿ ಬರುವಾಗ ಎಲ್ಲವೂ ತಿರುವುಮುರುವಾಗುತ್ತದೆ. ಸಲೀಸಾದ ರಸ್ತೆ ಮೊದಲು, ದ್ವಿಪಥ ಕೊನೆಗೆ, ಅದೂ ದಣಿದ ಕಣ್ಣಿಗೆ. ಬೆಂಗಳೂರನ್ನು ಏಳಕ್ಕೆ ಬಿಟ್ಟರೆ ಜೇವರ್ಗಿಯ ಹೊತ್ತಿಗೆ ಕತ್ತಲಾಗುತ್ತದೆ. ಬೆಳಗಿನ ಜಾವ ನಾಲ್ಕಕ್ಕೇ ಹೊರಡಿ, ಇಲ್ಲವೇ ಹೊಸಪೇಟೆಯಲ್ಲಿ ಒಂದು ರಾತ್ರಿ ತಂಗಿ. ನಾನು ಈಗೀಗ ತಂಗುತ್ತೇನೆ. ಮಕ್ಕಳಿಗೆ ಹಂಪಿಯೂ ಆಯಿತು.

ಪ್ರಶ್ನೆ: ಬೀದರಿನಿಂದ ಬೆಂಗಳೂರಿಗೆ ಕಾರಿನಲ್ಲಿ ಹೋಗಲು ಕಲಬುರಗಿ ಮೇಲೆ ಬರುವುದೋ, ಹೈದರಾಬಾದ್ ಮೇಲೆ ಹೋಗುವುದೋ?
(ಓದುಗರು, ಬೀದರ್)

ಕಲಬುರಗಿಯವಳಾಗಿ ಹೇಳಲು ಸಂಕಟವಾಗುತ್ತದೆ: ಹೈದರಾಬಾದ್ ಮೇಲೆಯೇ ಹೋಗಿ. ಜಹೀರಾಬಾದ್ ಸುಮಾರು 30 ಕಿ.ಮೀ., ಅಲ್ಲಿಂದ ಹೆದ್ದಾರಿ 65. ಪಟಾನ್‌ಚೆರು ಕಡೆಯಲ್ಲಿ ಹೊರ ವರ್ತುಲ ರಸ್ತೆ ಹತ್ತಿ ಶಂಶಾಬಾದಿನಲ್ಲಿ ಇಳಿದರೆ ಹೆದ್ದಾರಿ 44. ಕರ್ನೂಲು, ಅನಂತಪುರ ದಾಟಿ ದೇವನಹಳ್ಳಿಯವರೆಗೆ ಒಂದೇ ರಸ್ತೆ. ಒಟ್ಟು 700ರ ಆಸುಪಾಸು. ಬೀಚುಪಲ್ಲಿಯಲ್ಲಿ ಕೃಷ್ಣೆ, ಕರ್ನೂಲಿನಲ್ಲಿ ತುಂಗಭದ್ರೆ ಸಿಗುವುದರಿಂದ ಬೇರೆ ರಾಜ್ಯವೆಂದು ಅನ್ನಿಸುವುದೂ ಇಲ್ಲ. ವರ್ತುಲ ರಸ್ತೆಯಲ್ಲಿ ಎಲ್ಲೆಂದರಲ್ಲಿ ನಿಲ್ಲಿಸುವಂತಿಲ್ಲ, ಹತ್ತುವ ಮುಂಚೆಯೇ ಮಕ್ಕಳ ಕೆಲಸ ಮುಗಿಸಿ. 2025ರ ಆಗಸ್ಟ್‌ನಲ್ಲಿ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ರಾಷ್ಟ್ರೀಯ ಹೆದ್ದಾರಿಗಳಿಗೆ ಮಾತ್ರ, ವರ್ತುಲ ರಸ್ತೆಯಲ್ಲಿ ಪ್ರತ್ಯೇಕವಾಗಿ ದುಡ್ಡು ಕಡಿತವಾಗುತ್ತದೆ.

ಪ್ರಶ್ನೆ: ಮಗನಿಗೆ 19. ಲೈಸೆನ್ಸ್ ಬಂದು ನಾಲ್ಕು ತಿಂಗಳಾಯಿತು. ದಾರಿಯಲ್ಲಿ ಸ್ವಲ್ಪ ಓಡಿಸುತ್ತೇನೆ ಎಂದು ಹಟ. ಕೊಡಲೇ?
(ಓದುಗರು, ಯಾದಗಿರಿ)

ಹೊಸಪೇಟೆಯಿಂದ ಕೂಡ್ಲಿಗಿವರೆಗೆ, ಹಗಲಲ್ಲಿ, 80 ಮೀರದಂತೆ, ನೀವು ಪಕ್ಕದಲ್ಲಿ ಕೂತು ಕೊಡಿ. ಹೊಸಪೇಟೆಯ ಸುರಂಗ ದಾಟಿದ ಮೇಲೆ ಕೊಡಿ. ಅವನ ಮೊಬೈಲ್ ಆ ಹೊತ್ತು ನಿಮ್ಮ ಚೀಲದಲ್ಲಿರಲಿ. ಶಹಾಪುರ, ಸುರಪುರದ ರಸ್ತೆಯಲ್ಲಿ ಮಾತ್ರ ಬೇಡ, ಅವನು ಎಷ್ಟೇ ಮುಖ ಊದಿಸಿಕೊಂಡರೂ.

ಪ್ರಶ್ನೆ: 2024ರ ಮಾರ್ಚ್‌ನಿಂದ ಕಲಬುರಗಿಗೆ ವಂದೇ ಭಾರತ್ ಇದೆ. ಬೆಳಿಗ್ಗೆ ಕೂತರೆ ಮಧ್ಯಾಹ್ನ ಬೆಂಗಳೂರು. ಈ ವಯಸ್ಸಿನಲ್ಲಿ ನಿಮಗೆ ಕಾರಿನ ಹುಚ್ಚು ಏಕೆ ಅಕ್ಕಾವರೇ?
(ಓದುಗರು, ಸೇಡಂ)

ನಿಮ್ಮ ಮಾತು ನ್ಯಾಯವಾದದ್ದೇ, ಒಂಟಿಯಾಗಿ ಹೋಗುವಾಗ ನಾನೂ ಅದನ್ನೇ ಹತ್ತುತ್ತೇನೆ. ಆದರೆ ಮಗಳಿಗೆ ಹತ್ತು ಕಿಲೊ ತೊಗರಿಬೇಳೆ, ಎಂಟು ಕಿಲೊ ಜೋಳದ ಹಿಟ್ಟು, ಎರಡು ಡಬ್ಬಿ ಹಿಂಡಿ, ನೂರು ಕಡಕ್ ರೊಟ್ಟಿ ಹೋಗಬೇಕು. ರೈಲಿನಲ್ಲಿ ಒಯ್ದಾಗ ರೊಟ್ಟಿ ಪುಡಿಯಾಗಿ ಮುಟ್ಟಿತ್ತು, ಮಗಳು ಅದಕ್ಕೆ ಮಜ್ಜಿಗೆ ಹಾಕಿ ತಿಂದಳಂತೆ. ಕಾರಿನಲ್ಲಿ ಒಂದೂ ಮುರಿಯುವುದಿಲ್ಲ, ನನ್ನ ಪಕ್ಕದ ಸೀಟಿನಲ್ಲೇ ಬೆಲ್ಟ್ ಹಾಕಿಸಿ ಕೂರಿಸುತ್ತೇನೆ.