ಅಜಗಜಾಂತರ ಬೇರೆ, ಎಣ್ಣೆ ಸೀಗೇಕಾಯಿ ಬೇರೆ

ಪ್ರಶ್ನೆ: ಕಥೆಯೊಂದರಲ್ಲಿ ಸದಾ ಜಗಳ ಆಡೋ ಗಂಡ ಹೆಂಡತಿ ಬಗ್ಗೆ "ಇಬ್ಬರ ನಡುವೆ ಅಜಗಜಾಂತರ ವ್ಯತ್ಯಾಸ, ಒಂದು ದಿನಾನೂ ಸರಿಹೋಗಲ್ಲ" ಅಂತ ಬರೆದಿದ್ದೆ. ಗೆಳತಿ ಓದಿ ಇಲ್ಲಿ ಆ ಪದ ಸರಿಯಲ್ಲ, ಎಣ್ಣೆ ಸೀಗೇಕಾಯಿ ಅನ್ನು ಅಂದ್ಲು. ಎರಡೂ ಒಂದೇ ಅಲ್ವಾ?

ಉತ್ತರ: ನಿಮ್ಮ ಗೆಳತಿ ಹೇಳಿದ್ದೇ ಸರಿ. ಅಜ ಅಂದ್ರೆ ಆಡು, ಗಜ ಅಂದ್ರೆ ಆನೆ, ಇವೆರಡರ ನಡುವಿನ ಅಂತರವೇ ಅಜಗಜಾಂತರ. ಗಜ ಮತ್ತು ಅಂತರ ಸೇರೋ ಕಡೆ ಸವರ್ಣದೀರ್ಘ ಸಂಧಿ ಆಗುತ್ತೆ, ಹಾಗಾಗಿ ದೀರ್ಘ ಬರೋದು ಜಾ ಅನ್ನೋ ಒಂದೇ ಕಡೆ, ಕೆಲವರು ಅಜಾಗಜಾಂತರ ಅಂತ ಬರೀತಾರೆ, ಅದು ತಪ್ಪು. ಅಂತರ ಅನ್ನೋದು ಪದದೊಳಗೇ ಇರೋದ್ರಿಂದ ಮುಂದೆ ಮತ್ತೆ "ವ್ಯತ್ಯಾಸ" ಸೇರಿಸೋದೂ ಬೇಡ. ಪೇಪರ್, ಟಿವಿ ಎಲ್ಲಾ ಕಡೆ ಸೇರಿಸ್ತಾರೆ ನಿಜ, ಆದ್ರೂ "ಅವರ ಮಾತಿಗೂ ಕೃತಿಗೂ ಅಜಗಜಾಂತರ" ಅಂದಾಗ ಸಿಗೋ ಬಿಗಿ ಅದರಲ್ಲಿ ಸಿಗಲ್ಲ.

ಈಗ ಮುಖ್ಯವಾದ ವಿಷಯ. ಆಡು ಆನೆ ಒಂದಕ್ಕೊಂದು ಶತ್ರುಗಳೇನಲ್ಲ, ಈ ಪದ ಎಷ್ಟು ದೂರ ಅಂತ ಅಳೆಯುತ್ತೆ ಅಷ್ಟೇ, ಹೊಂದಿಕೊಳ್ತಾರೋ ಇಲ್ವೋ ಅನ್ನೋದನ್ನ ಹೇಳಲ್ಲ. ಸ್ವಭಾವದಲ್ಲಿ ಅಜಗಜಾಂತರ ಇದ್ದೂ ಒಬ್ಬರನ್ನೊಬ್ಬರು ಬಿಟ್ಟಿರದ ಗೆಳೆಯರು ಎಷ್ಟು ಜನ ಇಲ್ಲ? ಎಣ್ಣೆ ಸೀಗೇಕಾಯಿ ಹಾಗಲ್ಲ, ತಲೆಗೆ ಹಚ್ಚಿದ ಎಣ್ಣೆ ಜಿಡ್ಡನ್ನ ತೆಗೆಯೋದೇ ಸೀಗೇಪುಡಿಯ ಕೆಲಸ, ಒಂದು ಇದ್ದಲ್ಲಿ ಇನ್ನೊಂದಕ್ಕೆ ಉಳಿಗಾಲ ಇಲ್ಲ, ಮತ್ತೆ ಎರಡೂ ಇರಬೇಕಾದ್ದು ಒಂದೇ ತಲೆ ಮೇಲೆ! ಅದಕ್ಕೇ ಒಂದೇ ಸೂರಿನಡಿ ಇದ್ದು ಆಗಿಬರದವರಿಗೆ ಈ ಮಾತು ಇಷ್ಟು ಚೆನ್ನಾಗಿ ಒಪ್ಪುತ್ತೆ.

ಇನ್ನೊಂದು ಗಾದೆನೂ ಇದೆ, ನನಗಂತೂ ತುಂಬಾ ಇಷ್ಟ: ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನೀರು ಕಂಡ್ರೆ ಕೋಣಕ್ಕೆ ಹೋಗಿ ಬೀಳೋ ಆಸೆ, ಎತ್ತಿಗೆ ಅದು ಬೇಡ, ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದ್ರೆ ಕೆಲಸ ಎಲ್ಲಿ ಸಾಗುತ್ತೆ? ಇಲ್ಲಿ ದ್ವೇಷ ಇರಲೇಬೇಕು ಅಂತಿಲ್ಲ, ದಿಕ್ಕು ಬೇರೆ ಅಷ್ಟೇ. ಜೊತೆಯಾಗಿ ಬಿಸಿನೆಸ್ ಶುರುಮಾಡಿ ಒಬ್ಬರು ಖರ್ಚು ಅಂತ, ಇನ್ನೊಬ್ಬರು ಉಳಿತಾಯ ಅಂತ ಎಳೆದಾಡೋವಾಗ ಇದನ್ನ ಬಳಸಿ ನೋಡಿ.

ಭಿನ್ನಾಭಿಪ್ರಾಯ ಇವಕ್ಕಿಂತ ತುಂಬಾ ಮೆತ್ತಗಿನ ಪದ, ಕೂತು ಮಾತಾಡಿದ್ರೆ ಬಗೆಹರಿಯಬಹುದು. ಅದು ಮನಸ್ಸಿಗೆ ಇಳಿದು ಮುಖ ನೋಡೋಕೂ ಬೇಜಾರಾದ್ರೆ ವೈಮನಸ್ಯ.

ನಿಮ್ಮ ಕಥೆಯ ದಂಪತಿ ದಿನಾ ಜಗಳ ಆಡ್ತಾರೆ ಅಂದ್ರೆ "ಇಬ್ಬರದ್ದೂ ಎಣ್ಣೆ ಸೀಗೇಕಾಯಿ ಸಂಬಂಧ" ಅಂತ ಬರೀರಿ, ಹಿಂದಿರೋ "ಒಂದು ದಿನಾನೂ ಸರಿಹೋಗಲ್ಲ" ಅನ್ನೋದನ್ನ ತೆಗೆದ್ರೂ ನಡೆಯುತ್ತೆ. ಅಜಗಜಾಂತರ ಪದಾನೇ ಉಳಿಸಬೇಕು ಅಂದ್ರೆ ಯಾವುದರಲ್ಲಿ ಅಂತರ ಅಂತ ಹೇಳಿ: "ಇಬ್ಬರ ಅಭಿರುಚಿಗೂ ಅಜಗಜಾಂತರ."